ಹೊಸ್ತಿಲ ಮುಂದಿನ ಟಪಾಕುಲೊ

ನವಿಲು ಬಿಡಿಸಿ ಬಿಡಿಸಿ ಸಾಕಾಗಿದೆ ಎಂದರೆ ನೀವು ನನ್ನನ್ನು ಅಧಿಕಪ್ರಸಂಗಿ ಅನ್ನಬಹುದು. ಅನ್ನಿ, ಬೇಜಾರಿಲ್ಲ. ಹೆಮ್ಮಿಗೆಯಿಂದ ಬಿಳಿಗೆರೆಗೆ ಸೊಸೆಯಾಗಿ ಬಂದಾಗಿನಿಂದ ನಮ್ಮ ಬಾಗಿಲ ರಂಗೋಲಿಯಲ್ಲಿ ನವಿಲು, ಹಂಸ, ಗಿಳಿ ಬಿಟ್ಟರೆ ಬೇರೆ ಹಕ್ಕಿಗೆ ಪ್ರವೇಶವಿಲ್ಲ. ಸಾರಿನ ಉಪ್ಪಿನಿಂದ ಹಿಡಿದು ಕಿಟಕಿ ಪರದೆಯ ಬಣ್ಣದವರೆಗೆ ಮನೆಯಲ್ಲಿ ಎಲ್ಲವೂ ಅತ್ತೆಯವರ ಇಷ್ಟ. ನನ್ನದು ಅಂತ ಇದ್ದದ್ದು ಬೆಳಿಗ್ಗೆ ನಾನೇ ಸಾರಿಸುವ ಆ ತುಂಡು ನೆಲ. ಅಲ್ಲೂ ಅವರ ನವಿಲೇ ಗರಿ ಬಿಚ್ಚಿಕೊಂಡು ಕೂತಿತ್ತು.

ಒಂದು ಮಧ್ಯಾಹ್ನ ಬೇಳೆ ಬೇಯುವವರೆಗೆ ಫೋನ್ ನೋಡುತ್ತಾ ಕೂತವಳಿಗೆ ಟಪಾಕುಲೊ ಸಿಕ್ಕಿತು. ದಕ್ಷಿಣ ಅಮೆರಿಕದ ಬೆಟ್ಟದ ಕಾಡುಗಳಲ್ಲಿ ಹುಳುಹುಪ್ಪಟೆ ಹೆಕ್ಕಿ ಬದುಕುವ, ಬೂದಿ ಬಣ್ಣದ ಪುಟ್ಟ ಹಕ್ಕಿ. ಹಾರುವುದು ಕಡಿಮೆ, ಪೊದೆಯಡಿ ಇಲಿಯಂತೆ ಓಡುತ್ತದೆ. ಕಣ್ಣಿಗೆ ಬೀಳದಿದ್ದರೂ ದನಿ ಮಾತ್ರ ಜೋರು, ಬಾಲ ಸದಾ ಮೇಲೆ. ಆ ಸ್ಪ್ಯಾನಿಷ್ ಹೆಸರಿಗೆ 'ಹಿಂಭಾಗ ಮುಚ್ಚಿಕೋ' ಎಂದು ಅರ್ಥವಂತೆ. ಓದಿ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಸೆರಗು ಸರಿಮಾಡಿಕೋ, ಮೆಲ್ಲಗೆ ಮಾತಾಡು ಎಂಬ ಉಪದೇಶ ಅಷ್ಟು ದೂರದ ಹಕ್ಕಿಯನ್ನೂ ಬಿಟ್ಟಿಲ್ಲವಲ್ಲ! ಅದಂತೂ ಕಿವಿಗೆ ಹಾಕಿಕೊಂಡ ಹಾಗಿಲ್ಲ.

ಮಾರನೆಯ ಬೆಳಿಗ್ಗೆ ಅಕ್ಕಿಹಿಟ್ಟಿಗೆ ಇದ್ದಿಲ ಪುಡಿ ಬೆರೆಸಿ ಅದನ್ನೇ ಬಿಡಿಸಿದೆ. ಅತ್ತೆ ಹೊರಗೆ ಬಂದವರು ಹೌಹಾರಿದರು.

"ಒಸ್ಲು ಮುಂದೆ ಕಾಗೆ ಬರ್ದಿದ್ದೀಯಲ್ಲವ್ವಾ! ಅದೂ ಬೂದಿ ಬಣ್ಣದ್ದು. ಮನೆಗೆ ಒಳ್ಳೇದಾ? ಅಳಿಸು ಮೊದ್ಲು."

"ಕಾಗೆ ಅಲ್ಲ ಅತ್ತೆ. ಬೂದಿ ಕೆಟ್ಟದ್ದಾದ್ರೆ ನಿಮ್ಮ ಅಣೇಲಿರೋದೇನು? ನಂಜುಂಡಪ್ಪ ದೇವ್ರು ಮೈಗೆಲ್ಲಾ ಬಳ್ಕಂಡಿರೋದೇನು?"

ಅತ್ತೆಯವರ ಕೈ ತಾನಾಗಿ ಹಣೆಯ ವಿಭೂತಿಗೆ ಹೋಯಿತು. ನಾನು ಪೊರಕೆ ಮುಟ್ಟಲಿಲ್ಲ. ಅವರೂ ಮುಟ್ಟಲಿಲ್ಲ. ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಇರುವೆಗಳು ಸಾಲುಗಟ್ಟಿ ಬಂದು ಅಕ್ಕಿಹಿಟ್ಟು ಹೊತ್ತವು. ಮೊದಲು ಕೊಕ್ಕು ಹೋಯಿತು, ಆಮೇಲೆ ಕಾಲು. ಹುಳು ತಿನ್ನುವ ಹಕ್ಕಿಯನ್ನು ಹುಳುಗಳೇ ತಿಂದು ಮುಗಿಸಿದ್ದು ಆ ಬೆಟ್ಟಗಳಲ್ಲೂ ಎಂದೂ ನಡೆದಿರಲಾರದು.

"ಆಯ್ತಲ್ಲ ನಿನ್ ಕಾಗೆ ಕತೆ!" ಎಂದು ಅತ್ತೆ ಗೆದ್ದವರಂತೆ ನಕ್ಕರು.

"ನಾಳೆ ಇನ್ನೂ ದೊಡ್ಡದು ಬಿಡಿಸ್ತೀನಿ," ಎಂದೆ.

ಹೇಳುವುದು ಸುಲಭ. ಬೆಳಿಗ್ಗೆ ನೆಲದ ಮುಂದೆ ಕುಕ್ಕರುಗಾಲಲ್ಲಿ ಕೂತಾಗ ಬೆನ್ನ ಹಿಂದೆ ಅತ್ತೆ ಬಂದು ನಿಂತರು. ಪಕ್ಕದಲ್ಲೇ ತುಂಬಿದ ನೀರಿನ ಬಕೆಟ್ಟು. ಎತ್ತಿ ಸುರಿದರೆ ನನ್ನ ಹಕ್ಕಿ ಚರಂಡಿ ಪಾಲು. ತಿರುಗಿ ನೋಡದೆ ಕೊಕ್ಕು, ಕಣ್ಣು, ಹೊಟ್ಟೆ ಎಲ್ಲ ಮುಗಿಸಿದೆ. ಅತ್ತೆ ಬಗ್ಗಿ ನೋಡಿದರು.

"ಬಾಲ ಯಾಕವ್ವಾ ಇಳಿಬಿಟ್ಟಿದ್ದೀಯೆ?"

ನೋಡಿಕೊಂಡೆ. ಹೌದು, ಹೆದರಿದ ಕೈ ನನಗೆ ಗೊತ್ತಿಲ್ಲದಂತೆ ಬಾಲವನ್ನು ನೆಲಕ್ಕೆ ಇಳಿಸಿಬಿಟ್ಟಿತ್ತು. ಅತ್ತೆ ಇದ್ದಿಲ ಪುಡಿಯ ಬಟ್ಟಲನ್ನು ನನ್ನತ್ತ ತಳ್ಳಿದರು.

"ನೆನ್ನೆ ಎತ್ಕಂಡೇ ಇತ್ತಲ್ಲ. ಎತ್ತು ಮ್ಯಾಕೆ."