ಸರ್ತಿನಿ ತಲೆಯಾಡಿಸಿದ ನಾಲ್ಕು ತಿಂಗಳು

ಪೊನಿಮನ್ ಬಾಯಿಂದ ಮಾತಾಡುವುದಕ್ಕೆ ಮೊದಲೇ ಕೈಯಿಂದ ಮಾತಾಡಲು ಕಲಿತವನು. ಅವನ ಅಕ್ಕ ಸರ್ತಿನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವನಿಗಿಂತ ಏಳು ವರ್ಷ ದೊಡ್ಡವಳು. ತಾಯಿ ಕ್ಲಾತೆನ್ ಊರಿನ ಸಂತೆಗೆ ಸೊಪ್ಪು ಮಾರಲು ಹೊರಟರೆ, ಮಗುವನ್ನು ಉದ್ದನೆ ಬಟ್ಟೆಯಲ್ಲಿ ಸೊಂಟಕ್ಕೆ ಬಿಗಿದುಕೊಂಡು ಓಡಾಡುತ್ತಿದ್ದವಳು ಇವಳೇ. ಹೊಟ್ಟೆಗೆ ಮುಷ್ಟಿ ಒತ್ತಿದರೆ ಹಸಿವು. ಬೆನ್ನ ಮೇಲೆ ಬುಟ್ಟಿ ಹೊತ್ತಂತೆ ಮಾಡಿದರೆ ಅಮ್ಮ. ತಲೆ ಮುಟ್ಟಿ ಕೈಯನ್ನು ಮೊಣಕಾಲಿನವರೆಗೆ ಇಳಿಸಿದರೆ ತಮ್ಮ. ಅದು ಯಾವ ಶಾಲೆಯ ಭಾಷೆಯೂ ಅಲ್ಲ, ಆ ಮನೆಯದು. ತಾಯಿಗೆ ಅದರಲ್ಲಿ ಹತ್ತು ಮಾತು ಬಂದರೆ ಹೆಚ್ಚು, ತಂದೆಗೆ ಅದೂ ಇಲ್ಲ. ಅದನ್ನು ಪೂರ್ತಿ ಬಲ್ಲವರು ಇಡೀ ಭೂಮಿಯ ಮೇಲೆ ಇಬ್ಬರೇ.

ಸರ್ತಿನಿಯನ್ನು ಶಾಲೆಗೆ ಕಳಿಸಲಿಲ್ಲ. ಪೊನಿಮನ್ ಅಕ್ಷರ ಕಲಿಸಲು ನೋಡಿದಾಗ ಅವಳು ನಕ್ಕು ಸ್ಲೇಟಿನ ಮೇಲೆ ಕೋಳಿ ಬರೆದು ಕೊಟ್ಟಳು. ಇಪ್ಪತ್ತೆರಡಕ್ಕೆ ಮದುವೆಯಾಗಿ ಬೆಟ್ಟದ ಮೇಲಿನ ವೊನೊಸೊಬೊಗೆ ಹೋದಳು. ಗಂಡ ಆಲೂಗಡ್ಡೆ ಮೂಟೆ ಹೊರುವವನು, ಸಾಧು ಮನುಷ್ಯ, ಮಕ್ಕಳಾಗಲಿಲ್ಲ. ಅವನು ಸತ್ತಮೇಲೂ ಅವಳು ಕೆಳಗೆ ಬರಲಿಲ್ಲ. ಸಕ್ಕರೆ ಪಾಕ ಮಾಡುವವರಿಗೆ ಕಾರಿಕಾ ಎಂಬ ಬೆಟ್ಟದ ಪರಂಗಿ ಹಣ್ಣಿನ ಸಿಪ್ಪೆ ಸುಲಿದು ಕೊಡುತ್ತ ಎರಡು ಕೋಣೆಯ ಮನೆಯಲ್ಲಿ ಉಳಿದಳು.

ಪೊನಿಮನ್ ಹನ್ನೆರಡು ವರ್ಷ ಬಸ್ ನಿಲ್ದಾಣದ ಹತ್ತಿರದ ಇಂಟರ್ನೆಟ್ ಅಂಗಡಿಯಲ್ಲಿ ಕೆಲಸ ಮಾಡಿದ. ಎಲ್ಲರ ಕೈಗೂ ಫೋನು ಬಂದು ಅಂಗಡಿ ಮುಚ್ಚಿದಾಗ, ಮಾಲೀಕರು ಹೊರಗೆ ಹಾಕಿದ ಹನ್ನೊಂದು ಹಳೇ ಕಂಪ್ಯೂಟರುಗಳನ್ನು ಮನೆಗೆ ತಂದು, ಜಗುಲಿಯಲ್ಲೇ ರಿಪೇರಿ ಅಂಗಡಿ ಇಟ್ಟ. ಆದರೆ ಅದೇ ಫೋನು ಅವನಿಗೆ ಅಕ್ಕನನ್ನು ಮರಳಿ ಕೊಟ್ಟಿತು. ಮುಖ ನೋಡಿ ಮಾತಾಡುವ ಸೌಲಭ್ಯ ಬಂದ ದಿನ ಇಬ್ಬರೂ ಮೂರು ಗಂಟೆ ಕೈಯಾಡಿಸಿದರು. ಪೊನಿಮನ್‌ಗೆ ಭುಜ ನೋವು ಬಂತು.

ಅವಳ ಐವತ್ತೆರಡನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ತಿಂಗಳಿಗೊಮ್ಮೆ ಬಂದರೆ ಬೆಳಕು ಹಾಯಿಸಿ, ಸೂಜಿ ಹಾಕಿ, ಉಳಿದಷ್ಟು ದೃಷ್ಟಿಯನ್ನು ಹಿಡಿದು ನಿಲ್ಲಿಸಬಹುದು ಎಂದರು ಕಣ್ಣಿನ ಡಾಕ್ಟರು. ಪಕ್ಕದ ಮನೆಯ ರುಮ್ಯಾತಿ ಜೊತೆಗೆ ಹೋಗಿ ಬರುತ್ತಿದ್ದಳು. ಆದರೆ ಫೋನಿನ ಪರದೆ ಇನ್ನು ಸಾಲದಾಯಿತು.

"ನಿನ್ ಕೈ ಎರಡು ನೊಣದ ಥರ ಕಾಣ್ತವೆ. ಹಾರಾಡ್ತವೆ ಅಷ್ಟೆ, ಏನು ಹೇಳ್ತವೋ ಗೊತ್ತಾಗಲ್ಲ" ಎಂದಳು ಸರ್ತಿನಿ.

ಪೊನಿಮನ್ ಹನ್ನೊಂದರಲ್ಲಿ ಗಟ್ಟಿಯಾದ ಒಂದು ಕಂಪ್ಯೂಟರನ್ನು ಆರಿಸಿಕೊಂಡು ಕೂತ. ಅದರ ಸ್ವಂತ ವ್ಯವಸ್ಥೆ ಎಷ್ಟು ಭಾರವೆಂದರೆ ಎದ್ದು ಕೂರುವಷ್ಟರಲ್ಲಿ ಅನ್ನ ಬೇಯುತ್ತಿತ್ತು. ಅದನ್ನು ಅಳಿಸಿ, ಫೋನಿನೊಳಗಿರುವ ವ್ಯವಸ್ಥೆಯನ್ನೇ ಅದಕ್ಕೆ ಹಾಕುವುದು ಅವನ ಯೋಚನೆ. ಯಾರೋ ಪುಣ್ಯಾತ್ಮರು ಹಳೇ ಯಂತ್ರಗಳಿಗೆಂದೇ ಹಾಗೆ ಹೊಂದಿಸಿ ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದರು. ಅಕ್ಕನಿಗೆ ಫೋನಿನ ಚಿತ್ರಗಳ ಪರಿಚಯವಿತ್ತು, ಓದುವ ಗೊಡವೆಯಿಲ್ಲ, ಅದರಲ್ಲಿ ಕರೆಯೂ ಬರುತ್ತದೆ.

ಹೆಂಡತಿ ಲಸ್ಮಿ ಚಹಾ ತಂದಿಟ್ಟು ಗೇಲಿ ಮಾಡಿದಳು. "ಎಮ್ಮೆಗೆ ಮೇಕೆ ತಲೆ ಕಟ್ತಿದೀರಲ್ಲ, ಅದು ಮೇಯೋದಾದ್ರೂ ಯಾವ ಬಾಯಲ್ಲಿ?"

"ಮೇಯತ್ತೆ ಕಣೇ, ಸ್ವಲ್ಪ ಒದೆಯತ್ತೆ ಅಷ್ಟೆ."

ನಿಜವಾಗಿಯೂ ಒದೆಯಿತು. ಒಂದು ವಾರ ಧ್ವನಿ ಬರಲಿಲ್ಲ. ಅಕ್ಕನಿಗೆ ಅದು ಬೇಡವೆಂದು ಬಿಟ್ಟ, ಆಮೇಲೆ ಅದೇ ತಾನಾಗಿ ಬಂತು. ಕ್ಯಾಮೆರಾವನ್ನು ಅದು ಗುರುತೇ ಹಿಡಿಯಲಿಲ್ಲ. ನಾಲ್ಕು ಬದಲಾಯಿಸಿದ ಮೇಲೆ ಐದನೆಯದಕ್ಕೆ ಒಪ್ಪಿತು. ಕಡೆಗೆ ಚಿತ್ರ ಬಂದಾಗ, ಫೋನಿನ ಅಭ್ಯಾಸದಂತೆ ಅಗಲ ಪರದೆಯ ನಡುವೆ ಒಂದು ಸಣಕಲು ಪಟ್ಟಿಯಾಗಿ ನಿಂತಿತು. ಪೊನಿಮನ್ ಒಂದು ಗಳಿಗೆ ತಲೆ ಕೆರೆದುಕೊಂಡು, ಪರದೆಯನ್ನೇ ಎತ್ತಿ ಒಂದು ಪಕ್ಕಕ್ಕೆ ನಿಲ್ಲಿಸಿ, ಚಿತ್ರವನ್ನೂ ತಿರುಗಿಸಿದ. ತೇಗದ ಪಟ್ಟಿಗಳಿಂದ ಅದಕ್ಕೊಂದು ಕಾಲು ಮಾಡಿದ. ಈಗ ಅದು ಎತ್ತರದ ಕಿಟಕಿಯಂತಾಯಿತು. ಒಳಗೆ ಮನುಷ್ಯನ ತಲೆಯಿಂದ ಸೊಂಟದವರೆಗೆ, ಎರಡೂ ಕೈ ಸಮೇತ, ಹೆಚ್ಚುಕಡಿಮೆ ಆಳಿನಷ್ಟೇ ದೊಡ್ಡದಾಗಿ ಕಂಡಿತು. ಒಂದೇ ಒಂದು ಗುಂಡಿ ಒತ್ತಿದರೆ ತನಗೆ ಕರೆ ಬರುವಂತೆ ಮಾಡಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬೆಟ್ಟ ಹತ್ತಿಸಿದ.

ಅವನು ಕ್ಲಾತೆನ್‌ಗೆ ಮರಳಿ ಕೂತ ಮೊದಲ ಸಂಜೆ ಸರ್ತಿನಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಳು. ಆಮೇಲೆ ಹಿಂದೆ ಸರಿದು ಕೈಯೆತ್ತಿದಳು.

"ತಮ್ಮಾ, ಹೊಟ್ಟೆ ಎಷ್ಟು ಬಂದಿದೆಯೋ ನಿಂಗೆ! ಇಷ್ಟು ದಿನ ಮುಚ್ಚಿಟ್ಟಿದ್ದೆಯಲ್ಲ."

ಎರಡು ವರ್ಷ, ದಿನಾ ಮಧ್ಯಾಹ್ನದ ನಮಾಜಿನ ನಂತರ, ಆ ಕಿಟಕಿ ತೆರೆಯಿತು. ಅವನ ಕೈಗಳನ್ನು ಅವಳು ಪಕ್ಕದಲ್ಲೇ ಕೂತಂತೆ ಓದುತ್ತಿದ್ದಳು.

ಮೂರನೇ ವರ್ಷ, ಉಪವಾಸದ ತಿಂಗಳು ಮುಗಿದು ಬರುವ ಲೆಬಾರಾನ್ ಹಬ್ಬಕ್ಕೆ ಪೊನಿಮನ್ ಮೇಲೆ ಹೋದ. ಯಂತ್ರ ಆಗಾಗ ಮಂಡಿ ಊರುತ್ತಿತ್ತು. ವ್ಯವಸ್ಥೆಯ ಹೊಸ ಆವೃತ್ತಿಯನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದ. ಹೊರಡುವ ದಿನ ಬೆಳಿಗ್ಗೆ ಹಾಕಿದ. ಸರಾಗವಾಗಿ ಎದ್ದಿತು, ಚಿತ್ರಗಳು ಬಂದವು, ಕ್ಯಾಮೆರಾ ಎದುರಿಗಿದ್ದ ಸರ್ತಿನಿಯ ಮುಖ ಪರದೆಯಲ್ಲಿ ಮೂಡಿತು. ಹೊರಗೆ ಬಸ್ಸಿನವನು ಕೂಗುತ್ತಿದ್ದ. ಒಂದು ಕರೆ ಮಾಡಿ, ಆ ಕಡೆಯವರ ಚಿತ್ರ ಈ ಪರದೆಯಲ್ಲಿ ಹೇಗೆ ಕಾಣುತ್ತದೆಂದು ನೋಡುವುದೊಂದು ಬಾಕಿ ಉಳಿಯಿತು. ಊರು ಸೇರಿ ಕರೆ ಮಾಡಿದರೆ ಅಕ್ಕ ಹಿಂದೆಂದಿಗಿಂತ ಚೊಕ್ಕವಾಗಿ ಕಂಡಳು. ಅವನಿಗೆ ಖುಷಿಯಾಯಿತು.

"ಹೇಗಿದೆ? ಚೆನ್ನಾಗಿ ಕಾಣತ್ತಾ?" ಎಂದು ಕೈಯಲ್ಲಿ ಕೇಳಿದ.

ಸರ್ತಿನಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಲೆಯಾಡಿಸಿದಳು.

ಅಂದಿನಿಂದ ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಊಟವಾಯಿತೇ ಎಂದರೂ, ಡಾಕ್ಟರ ಹತ್ತಿರ ಹೋಗಿದ್ದೆಯಾ ಎಂದರೂ. ಒಮ್ಮೆ ಮಳೆ ಬಂತೇ ಎಂದು ಕೇಳಿದರೆ, ರುಮ್ಯಾತಿಯ ಬೆಕ್ಕು ಮರಿ ಹಾಕಿತು ಎಂದಳು. ಅಲ್ಲದೆ ಎಂದೂ ಇಲ್ಲದಷ್ಟು ತಾನೇ ಮಾತಾಡತೊಡಗಿದಳು. ಹಣ್ಣು, ಚಳಿ, ಸತ್ತ ಗಂಡ, ಚಿಕ್ಕಂದಿನ ಹಳ್ಳದ ಮೀನು. ಅವನ ಕೈಗೆ ಎಡೆಯೇ ಇಲ್ಲ. ಪೊನಿಮನ್ ಲಸ್ಮಿಗೆ ಹೇಳಿದ: "ಅಕ್ಕಂಗೆ ವಯಸ್ಸಾಯ್ತು ಕಣೇ. ಕೇಳೋದು ಒಂದು, ಹೇಳೋದು ಒಂದು."

ನಾಲ್ಕು ತಿಂಗಳು ಹೀಗೇ ಹೋಯಿತು. ಒಂದು ದಿನ ಕರೆ ಬಂದಾಗ ಪರದೆಯಲ್ಲಿ ಸರ್ತಿನಿ ಇರಲಿಲ್ಲ. ರುಮ್ಯಾತಿ ಕೂತಿದ್ದಳು. ಎಲ್ಲೋ ಗೋಡೆ ನೋಡುತ್ತ, ಅಣ್ಣ ಎನ್ನುವಂತೆ ಅವನನ್ನು ಮಾಸ್ ಎಂದು ಕರೆದು ಮಾತಾಡಿದಳು.

"ಪೊನಿಮನ್ ಮಾಸ್, ನೀವೇನಾ? ಧ್ವನಿ ಕೊಡಿ, ಮುಖ ಕಾಣಲ್ಲ."

"ನಾನೇ. ಅಕ್ಕ ಎಲ್ಲಿ?"

"ಒಳಗಿದಾಳೆ. ಪಾಕದ ಪಾತ್ರೆ ಅಂತ ಗೊತ್ತಾಗದೆ ಕೈ ಇಟ್ಬಿಟ್ಟಳು, ಸುಟ್ಟಿದೆ. ನೀವು ಬರಬೇಕು ಮಾಸ್. ಅವಳಿಗೆ ಕಣ್ಣು ಪೂರ್ತಿ ಹೋದ ಹಾಗಿದೆ. ಡಾಕ್ಟ್ರ ಹತ್ರ ಬರೋದನ್ನೇ ಬಿಟ್ಟಳು. ಕರೆದ್ರೆ ಕಣ್ಣು ತೋರಿಸಿ, ಮುಗೀತು ಅಂತ ಕೈ ಕೊಡವ್ತಾಳೆ."

"ಯಾವಾಗಿಂದ?"

"ಲೆಬಾರಾನ್ ಆದ ಮೇಲಿಂದ."

ಪೊನಿಮನ್‌ಗೆ ಅವಳ ಮೊದಲ ಮಾತು ಆಗ ಕಿವಿಗೆ ಬಿತ್ತು. "ತಡಿಯಮ್ಮ, ಮುಖ ಕಾಣಲ್ಲ ಅಂದ್ಯಲ್ಲ. ನಿಂಗೆ ಏನು ಕಾಣ್ತಿದೆ ಈಗ?"

"ಇದ್ರಲ್ಲಾ? ಹಸಿರು, ನೇರಳೆ, ರಾಡಿ ಕಲಕಿದ ಹಾಗೆ. ಅದು ಯಾವಾಗ್ಲೂ ಹಾಗೇ ಅಲ್ವಾ? ನಾನು ಬಂದಾಗೆಲ್ಲ ಹಂಗೇ ಇರ್ತಿತ್ತು. ಅವಳು ಮಾತ್ರ ಎದುರಿಗೆ ಕೂತು ತಲೆಯಾಡಿಸ್ತಿದ್ಳು. ನಿಮ್ಮಿಬ್ಬರಿಗೆ ಏನೋ ತಿಳಿಯತ್ತೆ ಅಂದ್ಕೊಂಡೆ."

ಪೊನಿಮನ್ ಎದ್ದ ಭರಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಅಕ್ಕನ ಮುಖ ಇವನಿಗೆ ಕಾಣುತ್ತಿದ್ದುದು ಹೌದು. ಇವನು ಅವಳಿಗೆ ಹಬ್ಬದ ಮರುದಿನದಿಂದಲೂ ಕಂಡೇ ಇರಲಿಲ್ಲ. ಹೊಸ ಆವೃತ್ತಿ ಆ ಹಳೇ ಯಂತ್ರಕ್ಕೆ ಹೊಂದದೆ, ಕರೆಯಲ್ಲಿ ಬಂದ ಚಿತ್ರವನ್ನೆಲ್ಲ ಕಲಸಿಹಾಕಿತ್ತು. ಅಕ್ಕ ಅದನ್ನು ತನ್ನ ಕಣ್ಣಿನ ಕೊನೆಯೆಂದುಕೊಂಡು, ತಮ್ಮನಿಗೆ ತಿಳಿಯದಿರಲೆಂದು ತಲೆಯಾಡಿಸುತ್ತ ಬಂದಿದ್ದಳು. ಕೋಣೆಯಲ್ಲಿ ಉಳಿದುದೆಲ್ಲ ಮೊದಲಿನಂತೆಯೇ ಮಸುಕಾಗಿ ಇತ್ತಲ್ಲ ಎಂದು ಕೇಳಬಹುದು. ಇತ್ತು. ಆದರೆ ಅವಳು ತನ್ನ ಕಣ್ಣನ್ನು ಅಳೆಯುತ್ತಿದ್ದುದು ಒಂದರಿಂದಲೇ, ತಮ್ಮನ ಕೈಯಿಂದ. ಅದು ಕಾಣದಾದ ಮೇಲೆ ಸೂಜಿ ಯಾತಕ್ಕೆ, ಬೆಳಕು ಯಾತಕ್ಕೆ?

ಮರುದಿನ ಮಧ್ಯಾಹ್ನ ಬೆಟ್ಟದ ಮನೆಯಲ್ಲಿ ಅವನು ಹಳೇ ಆವೃತ್ತಿಯನ್ನು ಮತ್ತೆ ಹಾಕಿದ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಲಸ್ಮಿಗೆ ಕರೆ ಮಾಡಿದ. ಪರದೆಯಲ್ಲಿ ಲಸ್ಮಿಯ ಮುಖ, ಕಿವಿಯೋಲೆಯ ಕಲ್ಲಿನ ಸಮೇತ, ನಿಚ್ಚಳವಾಗಿ ಬಂತು. ಸರ್ತಿನಿಯ ಭುಜ ಹಿಡಿದು ತಂದು ಎದುರು ಕೂರಿಸಿದ. ಅವಳು ನೆಟ್ಟಗೆ ಕೂತಳು, ಪರದೆಯತ್ತ ಮುಖ ಮಾಡಿದಳು, ಸ್ವಲ್ಪ ಹೊತ್ತು ಕಾದಳು. ಆಮೇಲೆ ತಲೆಯಾಡಿಸಿದಳು.

ಲಸ್ಮಿ ಆ ಕಡೆಯಿಂದ ಅಳತೊಡಗಿದಳು. "ಅವರಿಗೆ ಕಾಣ್ತಿಲ್ಲ ಕಣ್ರೀ. ನಾನು ಕೈಯೇ ಆಡಿಸಿಲ್ಲ."

ಕಣ್ಣಿನ ಡಾಕ್ಟರು ಹೆಚ್ಚು ಹೇಳಲಿಲ್ಲ. ಒಳಗೆ ರಕ್ತ ಒಸರಿ ಕಣ್ಣಿನ ಹಿಂಬದಿಯ ಪೊರೆ ಕಿತ್ತು ಬಂದಿದೆ, ಎರಡೂ ಕಡೆ, ಇನ್ನು ಕಾಲ ಮೀರಿದೆ. "ಲೆಬಾರಾನ್ ಹೊತ್ತಿಗೆ ಚೆನ್ನಾಗೇ ಇತ್ತಲ್ಲ. ಯಾಕೆ ಬಿಟ್ಟರು?" ಎಂದರು.

ಈಗ ಅವಳೊಡನೆ ಮಾತಾಡುವುದಕ್ಕೆ ಒಂದೇ ದಾರಿ. ಅವನು ಕೈಯಾಡಿಸುವಾಗ ಅವಳು ತನ್ನ ಕೈಗಳನ್ನು ಅವನ ಕೈಗಳ ಮೇಲಿಟ್ಟು ತಡವಿ ತಿಳಿಯಬೇಕು. ಸುಟ್ಟ ಕೈಗೆ ಬಟ್ಟೆ ಸುತ್ತಿತ್ತು. ಗಾಯ ಮಾಯುವವರೆಗೆ ಹನ್ನೆರಡು ದಿನ ಅವನು ಅಡಿಗೆ ಮಾಡಿ ಉಣ್ಣಿಸಿದ. ಹೇಳಲೋ ಬೇಡವೋ ಎಂದು ಹನ್ನೆರಡು ದಿನ ತನ್ನೊಳಗೇ ಗುದ್ದಾಡಿದ.

"ಹೇಳಬೇಡಿ" ಎಂದಳು ಲಸ್ಮಿ ಫೋನಿನಲ್ಲಿ. "ಕಣ್ಣು ತಾನಾಗೇ ಹೋಯ್ತು ಅಂತ ಇರಲಿ. ಗೊತ್ತಾಗಿ ಅವರಿಗೆ ಏನು ಬರತ್ತೆ?"

"ಅವಳ ಹತ್ರ ನಾನು ಸುಳ್ಳು ಹೇಳಿಲ್ಲ ಕಣೇ. ನಮ್ಮ ಕೈಮಾತಲ್ಲಿ ಸುಳ್ಳು ಅನ್ನೋದಕ್ಕೆ ಮಾತೇ ಇಲ್ಲ."

ಬಟ್ಟೆ ಬಿಚ್ಚಿದ ದಿನ ಹೇಳಿದ. ಆಗ ಕೆಟ್ಟದ್ದು ನಿನ್ನ ಕಣ್ಣು ಅಲ್ಲ. ಯಂತ್ರ. ನಾನು ಕೆಡಿಸಿದೆ. ನೋಡಲಿಲ್ಲ. ಅವಳ ಬೆರಳು ಅವನ ಬೆರಳ ಮೇಲೆ ನಿಂತವು. "ಇನ್ನೊಂದು ಸಲ ಹೇಳು" ಎಂದಳು. ಹೇಳಿದ. ಅವಳು ಎರಡೂ ಕೈಗಳನ್ನು ಎಳೆದುಕೊಂಡು ಶಾಲಿನೊಳಗೆ ಮುಚ್ಚಿಟ್ಟಳು.

ಕಾಣದ, ಕೇಳದ ಮನುಷ್ಯ ಕೈಯನ್ನೂ ಒಳಗಿಟ್ಟುಕೊಂಡರೆ ಹೊರಗಿನವರಿಗೆ ತಟ್ಟಲು ಬಾಗಿಲೇ ಉಳಿಯುವುದಿಲ್ಲ. ಪೊನಿಮನ್ ಕಾಲ ಬಳಿ ಕೂತ, ಮಂಡಿ ಹಿಡಿದ, ಅತ್ತ. ಅವಳಿಗೆ ಯಾವುದೂ ತಿಳಿಯಲಿಲ್ಲ, ಇಲ್ಲವೇ ತಿಳಿದೂ ಅಲುಗಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದಳು, ಮತ್ತೆ ಕೈ ಶಾಲಿನೊಳಗೆ. ಹೀಗೆ ಒಂಬತ್ತು ದಿನ.

ಹತ್ತನೇ ದಿನ ಬೆಳಿಗ್ಗೆ ತಾನಾಗಿಯೇ ಕೈ ಹೊರಗೆ ತೆಗೆದಳು.

"ಆ ನಾಲ್ಕು ತಿಂಗಳು ದಿನಾ ನಂಗೆ ಏನು ಹೇಳ್ತಿದ್ದೆ? ಹೇಳು. ನಾನು ಒಂದೂ ಕೇಳಿಲ್ಲ."

ಪೊನಿಮನ್ ಹೇಳಲು ಕೂತ. ಲಸ್ಮಿಗೆ ಹಲ್ಲು ಕೀಳಿಸಿದ್ದು. ಹಿತ್ತಲ ಮಾವು ಕಡಿದದ್ದು. ಮಳೆ. ಊಟ. ಮತ್ತೆ ಮಳೆ. ನಿಧಾನಕ್ಕೆ, ಒಂದೊಂದಾಗಿ ಅವಳ ಬೆರಳಡಿ ಇಟ್ಟ. ಎಷ್ಟೊಂದು ಮಾತಾಡಿದ್ದ! ನೆನಪಿನಲ್ಲಿ ಉಳಿದದ್ದು ಒಂದು ಬೆಳಗಿಗೂ ಸಾಲಲಿಲ್ಲ. ಮಾತು ಮುಗಿದ ಮೇಲೂ ಅವಳ ಕೈ ಅವನ ಕೈ ಮೇಲೆ ಕಾಯುತ್ತಲೇ ಇತ್ತು.

ಕೆಳಗೆ ಬಂದು ತಮ್ಮನ ಮನೆಯಲ್ಲಿರಲು ಸರ್ತಿನಿ ಒಪ್ಪಲಿಲ್ಲ. ಮೂವತ್ತು ವರ್ಷದ ಆ ಎರಡು ಕೋಣೆಯ ಗೋಡೆ, ಹೊಸ್ತಿಲು, ಒಲೆ ಅವಳ ಮೈಗೆ ಗೊತ್ತು; ಬೇರೆ ಮನೆಯಲ್ಲಿ ತಾನು ಮೂಟೆಯಾಗುತ್ತೇನೆ ಎಂದಳು. ಪೊನಿಮನ್ ಗುರುವಾರ ಮೇಲೆ ಹೋಗಿ ಭಾನುವಾರ ಇಳಿಯುತ್ತಾನೆ. ಉಳಿದ ದಿನ ರುಮ್ಯಾತಿ ಇದ್ದಾಳೆ, ಅವಳಿಗೆ ಆ ಕೈಮಾತಿನಲ್ಲಿ ಹದಿನಾಲ್ಕು ಮಾತು ಬಂದಿದೆ. ಕಾರಿಕಾ ಸಿಪ್ಪೆಯನ್ನು ಸರ್ತಿನಿ ಈಗಲೂ ತಡವಿಯೇ ಸುಲಿಯುತ್ತಾಳೆ. ಆದರೆ ಬುಧವಾರ ಬೆಳಗಾದರೆ ಹಣ್ಣು ಮುಟ್ಟುವುದಿಲ್ಲವಂತೆ. ಕೈಗೆ ಅಂಟು ಉಳಿಯದಂತೆ ತೊಳೆದು, ಒರೆಸಿಕೊಂಡು, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಾಳೆ. ಅವನು ಬರುವುದು ನಾಳೆ ಎಂದು ರುಮ್ಯಾತಿ ಎಷ್ಟು ಸಲ ಅಂಗೈಯಲ್ಲಿ ತಟ್ಟಿ ಹೇಳಿದರೂ ಏಳುವುದಿಲ್ಲ.