ದೇವರ ಮನೆಯ ಎದುರಿನ ಕುರ್ಚಿ

ದೇವರ ಮನೆಯ ಬಾಗಿಲಿಗೆ ಸಾಲಾಗಿ ಜೋಡಿಸಿದ ಪುಟ್ಟ ಹಿತ್ತಾಳೆ ಗಂಟೆಗಳಲ್ಲಿ ಒಂದೇ ಒಂದು, ಹೊಸ ಸ್ಪೀಕರ್‌ನಿಂದ ಬರುತ್ತಿದ್ದ ಮೃದಂಗದ ಎಡಬದಿಯ ದಪ್ಪ ನಾದಕ್ಕೆ ತಾನಾಗಿ ನಡುಗುತ್ತಿತ್ತು. ಯಾವುದೆಂದು ಹುಡುಕಿ, ಅದರೊಳಗೆ ಚೂರು ಹತ್ತಿ ತುರುಕಿದೆ.

ಜೆ.ಪಿ. ನಗರದ ನಮ್ಮ ಮನೆಗೆ ಆ ಶನಿವಾರ ಎರಡು ಜೋಡಿ ಸ್ಪೀಕರ್‌ಗಳು ಬಂದಿದ್ದವು. ಒಂದು ನೆಲದ ಮೇಲೆ ನಿಲ್ಲುವ, ನನ್ನ ಎದೆಯೆತ್ತರದ ಜೋಡಿ. ಇನ್ನೊಂದು ಸ್ಟ್ಯಾಂಡಿನ ಮೇಲೆ ಇಡುವ ಚಿಕ್ಕ ಜೋಡಿ. ಜಯನಗರದ ಅಂಗಡಿಯವರು ಎರಡನ್ನೂ ಇಳಿಸಿ, "ಮನೇಲೇ ಕೇಳಿ ನೋಡಿ ಮೇಡಂ. ಕಿವಿ ನಿಮ್ದು, ಗೋಡೆನೂ ನಿಮ್ದೇ. ಬೇಡದ್ದನ್ನ ಸೋಮವಾರ ವಾಪಸ್ ತಗೊಂಡು ಹೋಗ್ತೀವಿ" ಅಂದಿದ್ದರು.

ನನಗೆ ಬೇಕಿದ್ದುದು ಅಪ್ಪನ ಕಿವಿಗೆ ಒಪ್ಪುವ ಜೋಡಿ. ಹಿಂದಿನ ವರ್ಷ ಒಂದು ಜ್ವರದ ನಂತರ ಅವರ ಎಡಗಿವಿ ಹೆಚ್ಚುಕಡಿಮೆ ಕೇಳಿಸದಂತಾಗಿತ್ತು. ಸಂಜೆ ಕಾಫಿಯ ಜೊತೆ ವೀಣೆ ಕೇಳುತ್ತಿದ್ದವರು, "ತಗಡು ಬಡಿದ ಹಾಗಿರುತ್ತೆ" ಎಂದು ಹಳೆಯ ಸೆಟ್ಟನ್ನು ಆಫ್ ಮಾಡಿದರು, ಮತ್ತೆ ಹಾಕಲಿಲ್ಲ. ಅದರ ಬಗ್ಗೆ ಮಾತೂ ಆಡಲಿಲ್ಲ. ಮಾತಾಡದಿರುವುದು ನಮ್ಮಿಬ್ಬರಿಗೂ ಸಮಾನವಾಗಿ ಬಂದಿರುವ ಗುಣ.

ನಾನು ಸೋಫಾ ಸರಿಸಿದೆ. ಸ್ಪೀಕರ್‌ಗಳನ್ನು ರಸ್ತೆ ಕಡೆಯ ಗೋಡೆಯಿಂದ ಸ್ವಲ್ಪ ಮುಂದಕ್ಕೆ ತಂದು, ಎರಡರಿಂದಲೂ ಸಮದೂರದಲ್ಲಿ ಅಪ್ಪನ ಕುರ್ಚಿ ಇಟ್ಟು, ನೆಲಕ್ಕೆ ನೀಲಿ ಟೇಪ್ ಅಂಟಿಸಿದೆ. ಸದ್ದು ಜೋರಾದದ್ದೇ ಚೆನ್ನಾಗಿದೆ ಅನಿಸಿಬಿಡುತ್ತದೆಂದು ಎರಡೂ ಜೋಡಿಯ ಸದ್ದನ್ನು ಫೋನಿನಲ್ಲಿ ಅಳೆದು ಸರಿಸಮ ಮಾಡಿದೆ. ಅದೇ ವೀಣೆ, ಅದೇ ರಾಗ. ದೊಡ್ಡ ಜೋಡಿ ಎಲ್ಲ ರೀತಿಯಲ್ಲೂ ಮೇಲಿತ್ತು.

ಅಪ್ಪ ಮಾತ್ರ ಆ ಕುರ್ಚಿಗೆ ಬರಲಿಲ್ಲ. ಕಿಟಕಿಯ ಪಕ್ಕದ ದಿವಾನದಲ್ಲೇ ಕೂತು ಕೇಳಿದರು. "ಎರಡೂ ಒಂದೇ ಥರ ಇದೆ ಪುಟ್ಟಾ. ನಿಂಗೆ ಯಾವ್ದು ಇಷ್ಟಾನೋ ಅದನ್ನೇ ಇಟ್ಕೋ."

ಭಾನುವಾರವೂ ಅದೇ ದಿವಾನ, ಅದೇ ಉತ್ತರ. ಅವರಿಗೆ ಇನ್ನು ಸಂಗೀತ ಬೇಡವಾಗಿದೆ ಎಂದುಕೊಂಡು ವೈರ್ ಬಿಚ್ಚತೊಡಗಿದೆ. ಅವರೆಕಾಳು ಸುಲಿಯುತ್ತಿದ್ದ ಅಮ್ಮ ತಲೆ ಎತ್ತದೆ ಕೇಳಿದಳು, "ನಿಮ್ಮಪ್ಪ ಆ ಕುರ್ಚೀಲಿ ಹೇಗೆ ಕೂರ್ತಾರೆ, ದೇವರಿಗೆ ಬೆನ್ನು ಹಾಕ್ಕೊಂಡು?"

ತಿರುಗಿ ನೋಡಿದೆ. ಕುರ್ಚಿಯ ಬೆನ್ನು ನೇರವಾಗಿ ದೇವರ ಮನೆಯ ಬಾಗಿಲಿಗಿತ್ತು.

"ಬಾಗಿಲು ಮುಚ್ಚಿದೆಯಲ್ಲಮ್ಮಾ."

"ಬಾಗಿಲು ಮುಚ್ಚಿದ್ರೆ ದೇವ್ರೇನು ಆಫೀಸಿಗೆ ಹೋಗಿರ್ತಾನಾ?"

ಅಪ್ಪನ ಮುಖ ನೋಡಿದೆ. "ನೀನು ಅಷ್ಟೊಂದು ಅಳತೆ ಮಾಡಿ ಇಟ್ಟಿದ್ದೆ. ಏನಂತ ಹೇಳೋದು?" ಅಂದರು. ದಿವಾನದಲ್ಲಿ ಕೂತಾಗ ಸ್ಪೀಕರ್‌ಗಳಿದ್ದದ್ದು ಅವರ ಎಡಕ್ಕೆ, ಕೇಳಿಸದ ಕಿವಿಯ ಕಡೆಗೆ. ಎರಡು ದಿನ ನನ್ನ ಸಲುವಾಗಿ ಅವರು ಹಾಗೆ ಸುಮ್ಮನೆ ಕೂತಿದ್ದರು.

ಮೂವರೂ ಸೇರಿ ಹಾಲ್‌ನ ಜೋಡಣೆಯನ್ನೇ ತಿರುಗಿಸಿದೆವು. ಸ್ಪೀಕರ್‌ಗಳು ದೇವರ ಮನೆಯ ಬಾಗಿಲಿನ ಎರಡೂ ಪಕ್ಕಕ್ಕೆ ಬಂದವು. "ದ್ವಾರಪಾಲಕರು," ಅಂದಳು ಅಮ್ಮ. "ಇವಕ್ಕೂ ಒಂದೊಂದು ಹೂವು ಇಡ್ಲಾ?"

ಅಳತೆಯ ಪ್ರಕಾರ ಆ ಜಾಗ ಸರಿಯಿರಲಿಲ್ಲ. ಒಂದು ಕಡೆ ಮೂಲೆ ತೀರಾ ಹತ್ತಿರ. ದೊಡ್ಡ ಜೋಡಿಯ ಮೃದಂಗ ಅಲ್ಲಿ ಊದಿಕೊಂಡು ವೀಣೆಯನ್ನು ನುಂಗಿತು. ಚಿಕ್ಕ ಜೋಡಿ ಇಟ್ಟು, ಬಲಗಡೆಯದನ್ನು ಅಪ್ಪನ ಒಳ್ಳೆಯ ಕಿವಿಯತ್ತ ಕೊಂಚ ಓರೆ ಮಾಡಿದೆ. ಅಪ್ಪ ಬಂದು ಕುರ್ಚಿಯಲ್ಲಿ ಕೂತರು. ಆಲಾಪನೆ ಮುಗಿಯುವವರೆಗೂ ಅಲುಗಲಿಲ್ಲ.

"ತಂತಿ ಮೇಲೆ ಬೆರಳು ಜಾರೋ ಸದ್ದು," ಅಂದರು. "ಅದು ಕೇಳಿ ಬಹಳ ದಿನ ಆಗಿತ್ತು. ಇನ್ನೊಂದ್ಸಲ ಹಾಕು ಪುಟ್ಟಾ."

ಅವರು ಕಣ್ಣು ಮುಚ್ಚಿದ್ದರು. ನಾನು ಅವರನ್ನು ನೋಡುತ್ತಾ ದಿವಾನದ ಮೇಲೆ ಕೂತಿದ್ದೆ. ಅಮ್ಮನ ಆ ಒಂದು ಪ್ರಶ್ನೆ ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಎಲ್ಲವನ್ನೂ ಪೆಟ್ಟಿಗೆಗಳಿಗೆ ತುಂಬಿರುತ್ತಿದ್ದೆ. ಅವಳಿಗೆ ಅದನ್ನು ಹೇಳಲು ನನಗೆ ಬರಲಿಲ್ಲ. ಅವಳ ಪಕ್ಕಕ್ಕೆ ಹೋಗಿ ಉಳಿದ ಅವರೆಕಾಳು ಸುಲಿದುಕೊಟ್ಟೆ.

ಮರುದಿನ ಬೆಳಿಗ್ಗೆ ಅಂಗಡಿಗೆ ಫೋನ್ ಮಾಡಿ ದೊಡ್ಡ ಜೋಡಿಯನ್ನು ತೆಗೆದುಕೊಂಡು ಹೋಗಲು ಹೇಳಿದೆ. ನೆಲದ ಹಳೆಯ ಟೇಪನ್ನೆಲ್ಲ ಕಿತ್ತು, ಅಪ್ಪನ ಕುರ್ಚಿಯ ಕಾಲುಗಳ ಹತ್ತಿರ ಮಾತ್ರ ಹೊಸದಾಗಿ ಅಂಟಿಸಿದೆ. ಆಮೇಲೆ, ಅಮ್ಮ ಪೂಜೆಗೆ ಬರುವ ಮೊದಲು, ಗಂಟೆಯೊಳಗಿನ ಹತ್ತಿ ತೆಗೆದೆ.