ನೀರು ಕಾಣದ ಅಂಕಣ

ಖಾನಾಪುರದ ಮಲಪ್ರಭೆಯ ದಂಡೆಯಲ್ಲಿ ಇನ್ನೂ ಮಂಜು ಹರಿದಿಲ್ಲ. ಹುಣಸೆ ಮರದ ಪಕ್ಕದ ಕಬಡ್ಡಿ ಅಂಕಣದಲ್ಲಿ ಸೋಮಲಿಂಗ ಒಬ್ಬರೇ ಕಸಬರಿಗೆ ಹಿಡಿದು ಬಗ್ಗಿದ್ದಾರೆ. ಮೂಲೆಯಿಂದ ಮೂಲೆಗೆ ಗುಡಿಸುತ್ತಾರೆ, ಹರಳು ಆರಿಸಿ ಧೋತರದ ಉಡಿಗೆ ಹಾಕಿಕೊಳ್ಳುತ್ತಾರೆ, ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಾರೆ. ಹೊಳೆಯಿಂದ ಹೊತ್ತು ತಂದ ಕೊಡಗಳು ಮಾತ್ರ ತುಂಬಿದ್ದ ಹಾಗೆಯೇ ಅಂಚಿನಲ್ಲಿ ಕುಳಿತಿವೆ.

ನೀರು ಚಿಮುಕಿಸದ ಮಣ್ಣು ಸುಟ್ಟ ಹಂಚಿನಷ್ಟು ಗಟ್ಟಿಯಾಗುತ್ತದೆ. ಬಿದ್ದ ಹುಡುಗ ಚರ್ಮ ಬಿಟ್ಟೇ ಏಳಬೇಕು. ಇದು ಸೋಮಲಿಂಗ ಅವರಿಗೆ ಗೊತ್ತಿಲ್ಲದ್ದಲ್ಲ. "ದಿನಾ ಕೊಡಾ ತುಂಬಿ ತರ್ತೀನ್ರಿ. ಸುರವಾಕ ಕೈ ಏಳವಲ್ದು," ಎನ್ನುತ್ತಾರೆ. ಆಮೇಲೆ ಆ ನೀರನ್ನೆಲ್ಲ ಹುಣಸೆ ಮರದ ಬುಡಕ್ಕೆ ಹಾಕಿಬಿಡುತ್ತಾರೆ. ಒಂದು ತಿಂಗಳಿಂದ ಹೀಗೇ ನಡೆದಿದೆ.

ಇವರದು ಕುರಿ ಕಾಯುವ ಮನೆತನ. ಕುರಿ ಹೋದವು, ಹೆಗಲ ಮೇಲೆ ಕಂಬಳಿ ಉಳಿಯಿತು. ವಾರವೆಲ್ಲ ಖಾನಾಪುರದ ಪೇಟೆಯಲ್ಲಿ ಹಮಾಲಿ, ನಸುಕಿನಲ್ಲಿ ಮತ್ತು ರವಿವಾರ ಹೊಳಿದಂಡಿ ಕಬಡ್ಡಿ ಬಳಗದ ಅಂಕಣದ ಚಾಕರಿ. ಸಂಬಳವೆಂದರೆ ದಸರೆಗೊಂದು ಧೋತರ. ಪಂದ್ಯ ಮುಗಿದ ಮೇಲೆ ಮೈಕಿನಲ್ಲಿ ಪೆಂಡಾಲಿನವರಿಗೂ ಚಹಾದವರಿಗೂ ವಂದನೆ ಸಲ್ಲುತ್ತದೆ. ಅಂಕಣ ಮಾಡಿದವನ ಹೆಸರು ಯಾರ ಬಾಯಿಗೂ ಬಂದದ್ದಿಲ್ಲ. ಆ ಹೆಸರು ಹಿಡಿದು ಕರೆಯುತ್ತಿದ್ದವರು ಒಬ್ಬರೇ, ನೇಮಣ್ಣ.

ನೇಮಣ್ಣ ಬೆಳಗಾವಿ ಖಾಸಬಾಗದ ಜೈನರು, ಪಾತ್ರೆ ಅಂಗಡಿಯವರು. ಹುಟ್ಟಿದಾಗಿನಿಂದ ಕಬಡ್ಡಿಯ ಗೆರೆ ತುಳಿದವರಲ್ಲ. ಹಿಂದೊಮ್ಮೆ ಖಾನಾಪುರಕ್ಕೆ ಮದುವೆಗೆಂದು ಬಂದು, ರೈಲು ತಪ್ಪಿಸಿಕೊಂಡು, ಹೊತ್ತು ಕಳೆಯಲು ಹೊಳೆಯ ಕಡೆ ಬಂದವರು ಆಟ ನೋಡಿ ಅಲ್ಲೇ ನಿಂತುಬಿಟ್ಟರು. ಅಂದಿನಿಂದ ಪ್ರತಿ ರವಿವಾರ ರೈಲು ಹತ್ತಿ ಬರುತ್ತಿದ್ದರು. ಸೋಮಲಿಂಗ ಅವರ ಮಣ್ಣಿನ ಬುಟ್ಟಿಯನ್ನು ಬೋರಲು ಹಾಕಿಕೊಂಡು ಗೆರೆಯ ಪಕ್ಕ ಕೂರುತ್ತಿದ್ದರು. ಚಪ್ಪಾಳೆಯಿಲ್ಲ, ಕೂಗಿಲ್ಲ. ಬಳಗದ ಹುಡುಗ ಎದುರಾಳಿಯ ಕಡೆ ದಾಟಿದೊಡನೆ ತಾವೂ ಉಸಿರು ಬಿಗಿಹಿಡಿಯುತ್ತಿದ್ದರು, ಅವನು ಮರಳಿ ಗೆರೆ ಮುಟ್ಟುವವರೆಗೂ ಬಿಡುತ್ತಿರಲಿಲ್ಲ. "ಮಾರಿ ಕೆಂಪಗಾಕ್ಕಿತ್ರಿ. ನಾವ ಹೆದರಿ, ಅಜ್ಜಾರ, ಉಸುರು ಬಿಡ್ರಿ ಅಂತ ಒದರತಿದ್ವಿ," ಎನ್ನುತ್ತಾನೆ ನಾಯಕ ಬೀರೇಶ.

ಇನ್ನೊಂದು ರೂಢಿಯೂ ಇತ್ತು. ನೀರು ಬಿದ್ದ ಮಣ್ಣಿನಿಂದ ಎರೆಹುಳ ಮೇಲೇಳುತ್ತವೆ. ಆಟಗಾರರ ಕಾಲಿಗೆ ಸಿಕ್ಕಿ ಸಾಯಬಾರದೆಂದು ನೇಮಣ್ಣ ಒಂದೊಂದನ್ನೇ ಎಲೆಯ ಮೇಲೆ ಎತ್ತಿ ಹೊಳೆಯ ಕಡೆ ಬಿಟ್ಟುಬರುತ್ತಿದ್ದರು. ಸೋಮಲಿಂಗ ಛೇಡಿಸುತ್ತಿದ್ದರು: "ಹುಳಾ ನೋಡಾಕ ಬರ್ತೀರೋ, ಆಟಾ ನೋಡಾಕ ಬರ್ತೀರೋ ನೇಮಣ್ಣಾರ?" ಆಟ ಮುಗಿದ ಮೇಲೆ, ಸೂರ್ಯ ಮುಳುಗುವುದರೊಳಗೆ ಇಬ್ಬರ ಊಟ. ಹೊತ್ತು ಮುಳುಗಿದರೆ ನೇಮಣ್ಣ ನೀರನ್ನೂ ಮುಟ್ಟುವವರಲ್ಲ. ಅವರ ಡಬ್ಬಿಯ ಅರ್ಧ ರೊಟ್ಟಿ ಇವರಿಗೆ, ಇವರು ತಂದ ಬೆಳ್ಳುಳ್ಳಿಯಿಲ್ಲದ ಶೇಂಗಾ ಚಟ್ನಿ ಅವರಿಗೆ.

ತಿಂಗಳ ಹಿಂದಿನ ಮಾತು. ಒಂದು ರವಿವಾರ ನೇಮಣ್ಣ, "ಸೋಮಣ್ಣ, ಹುಡುಗೂರ ಮೊಣಕಾಲ ಕೆತ್ತಿ ರಗತಾ ಬರಾಕತ್ತೈತಿ. ನೆಲಾ ಸ್ವಲ್ಪ ಮೆತ್ತಗ ಮಾಡೋ," ಎಂದು ಹೇಳಿ ಹೋಗಿದ್ದರು. ಆ ಮಾತೊಂದು ಸೋಮಲಿಂಗ ಅವರಿಗೆ ದೇವರ ಅಪ್ಪಣೆಯಾಯಿತು. ಮುಂದಿನ ರವಿವಾರ ಕೊಡದ ಮೇಲೆ ಕೊಡ ಸುರಿದರು. ಅತಿಯಾದರೆ ಅಮೃತವೂ ವಿಷ. ಅಂಕಣ ಕೆಸರುಗದ್ದೆಯಾಯಿತು, ಹುಳಗಳು ರಾಶಿ ರಾಶಿ ಎದ್ದವು. ಆಟ ಶುರುವಾಗುವ ಮೊದಲೇ ಎಂದಿನ ಊಟದ ಹೊತ್ತಾಯಿತು, ಊಟಕ್ಕೆ ಮುಂಚೆ ನುಂಗುವ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನೇಮಣ್ಣ ಆಗಲೇ ನುಂಗಿದ್ದರು. ಡಬ್ಬಿ ಬಿಚ್ಚುವುದು ಬಿಟ್ಟು ಹುಳ ಎತ್ತಲು ಬಗ್ಗಿದರು. ಸೋಮಲಿಂಗ ಒಣಮಣ್ಣು ಹರಡಿದರು. ಆಟ ಶುರುವಾದಾಗಲೇ ಬಿಸಿಲು ಇಳಿದಿತ್ತು.

"ಉಣ್ರಿ ಅಂದ್ನಿ. ಇದೊಂದ ರೇಡ್ ನೋಡತೀನಿ ಅಂದ್ರು. ಆಮ್ಯಾಲ ಇನ್ನೊಂದ ಅಂದ್ರು. ಹೊತ್ತು ಮುಣಗೇಬಿಟ್ಟಿತು," ಎನ್ನುತ್ತಾರೆ ಸೋಮಲಿಂಗ. ಬಳಗ ಗೆದ್ದಿತು. ಡಬ್ಬಿ ತುಂಬಿದ್ದ ಹಾಗೆಯೇ ರೈಲು ಹತ್ತಿತು. ದಾರಿಯಲ್ಲಿ ಸಕ್ಕರೆ ಇಳಿದು ತಲೆ ತಿರುಗಿದಾಗ ಪಕ್ಕದವರು ಚಹಾ ಕೊಟ್ಟರಂತೆ. ನೇಮಣ್ಣ ಕೈ ಮುಗಿದು ಬೇಡವೆಂದರಂತೆ. ಬೆಳಗಾವಿ ಸ್ಟೇಷನ್ನಿನಲ್ಲಿ ಇಳಿದವರು ಅಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ಬಳಗದವರನ್ನು ಆ ಮನೆಯವರು ಕಂಡಿರಲಿಲ್ಲ, ಹಾಗಾಗಿ ಸುದ್ದಿ ಇಲ್ಲಿಗೆ ಮುಟ್ಟಲಿಲ್ಲ. ಮುಂದಿನ ರವಿವಾರ ಹುಡುಗರು ಬುಟ್ಟಿ ಬೋರಲು ಹಾಕಿ, ಅಜ್ಜ ಬರಲಿ ಎಂದು ಆಟ ಶುರು ಮಾಡದೆ ಕಾಯುತ್ತ ಕುಳಿತಿದ್ದರು. ಅಷ್ಟರಲ್ಲಿ ಅವರ ಬೂದಿಯೂ ಆರಿತ್ತು.

ಇಂದು ಅವರ ನೆನಪಿನ ಪಂದ್ಯ. ನೇಮಣ್ಣನವರ ಹೆಂಡತಿ ರತ್ನಮಾಲಾ, ಸೊಸೆ ತ್ರಿಶಲಾ ಜೊತೆ ಮಧ್ಯಾಹ್ನದ ರೈಲಿಗೆ ಬಂದಿದ್ದಾರೆ. ಭಾಷಣಗಳು ಮುಗಿಯುತ್ತಲೇ ಇಲ್ಲ. ನೇಮಣ್ಣನವರ ಮುಖವನ್ನೇ ಕಾಣದವರ ಮಾತು ಎಲ್ಲರಿಗಿಂತ ಉದ್ದ. ಕೊನೆಗೆ ಆಟ ಶುರುವಾಗುತ್ತದೆ. ಮೊದಲ ಹಿಡಿತಕ್ಕೇ ಬೀರೇಶ ಬಿದ್ದು ಏಳುತ್ತಾನೆ, ಮೊಣಕಾಲಿನಿಂದ ರಕ್ತ ಇಳಿಯುತ್ತಿದೆ. ಅವನು ಒರೆಸಿಕೊಂಡು ಆಟಕ್ಕೆ ಮರಳುತ್ತಾನೆ. ಸೋಮಲಿಂಗ ಕಾಕಾ ಯಾಕೆ ನೀರು ಹಾಕುವುದಿಲ್ಲವೆಂದು ಬಳಗಕ್ಕೆಲ್ಲ ಗೊತ್ತಿದೆ.

ರತ್ನಮಾಲಾ ಅವರಿಗೆ ಗೊತ್ತಿಲ್ಲ. "ಇದೇನ ಸೋಮಣ್ಣ, ನೆಲಾ ಕಲ್ಲ ಆಗೇತಲ್ಲ? ನೀರ ಹಾಕಿಲ್ಲೇನು?" ಎಂದು ಗಂಡನ ಬಾಯಲ್ಲಿ ಕೇಳಿದ ಹೆಸರು ಹಿಡಿದು ಕೇಳುತ್ತಾರೆ.

ಸೋಮಲಿಂಗ ತಲೆಯ ಪಟಕಾ ತೆಗೆದು ಕೈಯಲ್ಲಿ ಹಿಡಿಯುತ್ತಾರೆ. "ಅಕ್ಕಾರ, ಅವತ್ತ ನೀರ ಜಾಸ್ತಿ ಹಾಕಿದಾಂವ ನಾನ. ಕೆಸರಾತು, ಆಟ ತಡಾ ಆತು. ಹುಳಾ ಎತ್ತಕೋಂತ ಅವರು ಉಣ್ಣೂದ ಬಿಟ್ರು. ನಾ ಆ ನೀರ ಹಾಕದಿದ್ರ ಅವರು ಇರ್ತಿದ್ರು."

ರತ್ನಮಾಲಾ ಅವರ ಕಡೆ ತಿರುಗುತ್ತಾರೆ. "ಹುಳಾ ಎತ್ತಾಕ ನಿಂತಿದ್ರಾ?" ಎನ್ನುತ್ತಾರೆ. "ಅವತ್ತ ಮುಂಜಾನಿ ನಾ ಬೈದಿದ್ನೆಪಾ. ಈ ವಯಸ್ಸಿನ್ಯಾಗ ಹುಡುಗೂರ ಆಟಾ ಏನ್ ನೋಡ್ತೀರಿ, ಮನಿ ಮಠಾ ಇಲ್ಲೇನು ಅಂದಿದ್ನಿ. ಡಬ್ಬಿ ಹಂಗ ಬಂತು. ನನ್ನ ಮ್ಯಾಲಿನ ಸಿಟ್ಟಿಗೇ ಉಣ್ಣಲಿಲ್ಲ ಅಂದ್ಕೊಂಡಿದ್ನಿ." ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಾರೆ. ಸೋಮಲಿಂಗ ಅವರನ್ನು ಅವರು ಬೈಯುವುದಿಲ್ಲ. ನಿಂದೇನೂ ತಪ್ಪಿಲ್ಲ ಎಂದೂ ಹೇಳುವುದಿಲ್ಲ.

"ಅಕ್ಕಾರ ತಲಿ ಮ್ಯಾಲಿನ ಮೂಟಿ ಇಳೀತರಿ, ಚಲೋ ಆತು. ನನ್ನ ಮೂಟಿ ಇಳ್ಯಾಂಗಿಲ್ಲ," ಎಂದು ಸೋಮಲಿಂಗ ಮರದ ಕಡೆ ಮುಖ ತಿರುಗಿಸುತ್ತಾರೆ.

ಮುಖ ತಿರುಗಿಸಿದವರಿಗೆ ಕಾಣುವುದು ಸೂರ್ಯ. ಹುಣಸೆಯ ಕೆಳಗಿನ ಕೊಂಬೆಯವರೆಗೆ ಇಳಿದುಬಿಟ್ಟಿದ್ದಾನೆ. ಹಿಂತಿರುಗಿ ನೋಡಿದರೆ ತ್ರಿಶಲಾಳ ಮಡಿಲಲ್ಲಿ ನೇಮಣ್ಣನವರ ಅದೇ ಡಬ್ಬಿ, ಅತ್ತೆ ಸೊಸೆಯ ಇಂದಿನ ಊಟ, ಮುಚ್ಚಳ ಬಿಚ್ಚಿಲ್ಲ. ಹೊತ್ತು ಮುಳುಗಿದರೆ ಇವರೂ ಉಣ್ಣುವವರಲ್ಲ. ಆಟ ಸಮಬಲದಲ್ಲಿದೆ, ಬೀರೇಶ ಎದುರಾಳಿಯ ಕಡೆ ದಾಟಿದ್ದಾನೆ, ಜನ ತುದಿಗಾಲಲ್ಲಿ ನಿಂತಿದ್ದಾರೆ. ಆಟದ ನಡುವೆ ಒಮ್ಮೆಯೂ ಗೆರೆ ದಾಟದ ಸೋಮಲಿಂಗ ಕಸಬರಿಗೆ ಹಿಡಿದುಕೊಂಡೇ ಅಂಕಣದ ನಡುವೆ ಹೋಗಿ ನಿಲ್ಲುತ್ತಾರೆ.

"ನಿಂದ್ರಸ್ರಿ! ಅಕ್ಕಾರ ಊಟ ಆಗೂತನಕ ಆಟ ಇಲ್ಲ."

ಬೀರೇಶ ಉಸಿರು ಬಿಡುತ್ತಾನೆ. ತೀರ್ಪು ಕೊಡುವ ಪಂಚ ಸೀಟಿಯನ್ನು ಬಾಯಿಂದ ತೆಗೆಯುತ್ತಾನೆ. ಎರಡೂ ತಂಡದ ಹುಡುಗರು ಇದ್ದಲ್ಲೇ ನೆಲಕ್ಕೆ ಕೂರುತ್ತಾರೆ. ಬೋರಲು ಹಾಕಿದ ಬುಟ್ಟಿಯ ಮೇಲೆ ಕುಳಿತು ರತ್ನಮಾಲಾ ರೊಟ್ಟಿ ಮುರಿಯುತ್ತಾರೆ, ಅರ್ಧವನ್ನು ಸೋಮಲಿಂಗ ಅವರ ಕಡೆ ಚಾಚುತ್ತಾರೆ. ಅವರು ಎರಡೂ ಕೈ ಒಡ್ಡಿ ತೆಗೆದುಕೊಳ್ಳುತ್ತಾರೆ. ಬಾಯಿಗೆ ಮಾತ್ರ ಒಯ್ಯುವುದಿಲ್ಲ.

"ಹಿಂಗ ಒಂದ ಸಲ ನಿಂದ್ರಸಬೇಕಿತ್ತರಿ," ಎನ್ನುತ್ತಾರೆ ಸೋಮಲಿಂಗ. "ಅವತ್ತ."